ತಿರುಗಿ ನೋಡಿದ ಗುಬ್ಬಿ

ಹೋದ ತಿಂಗಳು ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆ. ಚಿಕ್ಕಪ್ಪನ ಮಗನ ಮನೆ ಗೃಹಪ್ರವೇಶ. ಬೆಳಿಗ್ಗೆ ಬಸ್ಸಿಳಿದು ನಮ್ಮ ಹಳೇ ಬೀದಿಗೆ ತಿರುಗಿದೆ ನೋಡಿ, ಒಂದು ಹೊಗೆ ವಾಸನೆ ಮೂಗಿಗೆ ಬಡೀತು. ಸೌದೆ ಹೊಗೆ ಅಲ್ಲ, ತೆಂಗಿನ ಗರಿಯದೂ ಅಲ್ಲ. ದಪ್ಪ ರಟ್ಟು ಸುಡೋ ವಾಸನೆ. ಒಂದು ಮನೆ ಮುಂದೆ ಹೆಂಗಸೊಬ್ಬಳು ಹಂಡೆ ಒಲೆಗೆ ಮಗ್ಗದ ಕಾರ್ಡು ತುಂಬ್ತಾ ಕೂತಿದ್ದಳು. ತೂತು ತೂತಿನ ರಟ್ಟಿನ ಪಟ್ಟಿಗಳು, ದಾರದಲ್ಲಿ ಒಂದಕ್ಕೊಂದು ಹೊಲೆದಿರೋವು. ನಾನು ನಿಂತು ನೋಡ್ತಿದ್ದದ್ದು ಕಂಡು ನಕ್ಕಳು.

"ಈಗೆಲ್ಲ ಕಂಪ್ಯೂಟರ್ ಬಂದ್ಬಿಟ್ಟಿದೆ ಕಣಕ್ಕ. ಅಟ್ಟದ ಮೇಲೆ ಇಟ್ಕೊಂಡು ಇಲಿ ಸಾಕೋದಕ್ಕಿಂತ ಸ್ನಾನಕ್ಕೆ ನೀರಾದ್ರೂ ಕಾಯ್ಲಿ."

"ಯಾವ ಡಿಸೈನಮ್ಮ ಅದು?" ಅಂದೆ.

"ಯಾರಿಗ್ಗೊತ್ತು! ನಮ್ಮತ್ತೆ ಕಾಲದ್ದು."

ಅವಳಿಗೆ ಗೊತ್ತಿಲ್ಲದಿದ್ದರೆ ಏನಂತೆ. ನನಗೆ ಮಾತ್ರ ಆ ಹೊಗೆಯಲ್ಲಿ ತೊಂಬತ್ತೆರಡರ ಮಳೆಗಾಲ ಪೂರ್ತಿ ಎದ್ದು ಬಂತು. ಮೂವತ್ತು ವರ್ಷ ದಾಟಿದೆ, ಎರಡು ಮಕ್ಕಳ ಮದುವೆ ಮಾಡಿದ್ದೀನಿ, ಮಂಡಿ ನೋವು ಬಂದಿದೆ. ಆ ವರ್ಷದ ಸಿಟ್ಟು ಮಾತ್ರ ಒಂದು ಚೂರೂ ಮುಪ್ಪಾಗಿಲ್ಲ. ಗೃಹಪ್ರವೇಶದ ಊಟಕ್ಕೆ ಕೂತಾಗಲೂ ನನ್ನ ಮುಖ ಸರಿಯಿರಲಿಲ್ಲವಂತೆ, ನಾದಿನಿ ಆಮೇಲೆ ಹೇಳಿದಳು.

ಆಗ ನನಗೆ ಹತ್ತೊಂಬತ್ತು. ಪಿಯುಸಿಯಲ್ಲಿ ಇಂಗ್ಲಿಷು ಕೈ ಕೊಟ್ಟಿತ್ತು. ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗ. ಅಪ್ಪ ಕೂಲಿಗೆ ನೇಯೋರು. ಅಂದರೆ ರೇಷ್ಮೆ, ಜರಿ, ಡಿಸೈನು ಎಲ್ಲಾ ಸಾಹುಕಾರರದ್ದು. ಮಗ್ಗ ಮತ್ತು ಬೆನ್ನು ನಮ್ಮದು. ಅಮ್ಮ ಕಂಡಿಕೆ ಸುತ್ತೋಳು, ಅಂದರೆ ಲಾಳಿಗೆ ಹಾಕೋ ಪುಟ್ಟ ಕೊಳವೆಗೆ ಎಳೆ ಸುತ್ತೋ ಕೆಲಸ. ನಾನೂ ಅದನ್ನೇ ಮಾಡ್ಕೊಂಡು ಇರಬೇಕಿತ್ತು. ಆದರೆ ನನ್ನ ಕೈಗೆ ರಂಗೋಲಿ ಹುಚ್ಚು. ಬಾಗಿಲ ಮುಂದೆ ಒಂದು ದಿನ ಹಾಕಿದ್ದು ಇನ್ನೊಂದು ದಿನ ಹಾಕಿದವಳಲ್ಲ. ಅದನ್ನ ನೋಡಿಯೇ ರಾಮಲಿಂಗಪ್ಪ ಮೇಷ್ಟ್ರು ಅಪ್ಪನ ಹತ್ತಿರ ಕೇಳಿದ್ದು, "ಚೌಡಪ್ಪ, ನಿನ್ನ ಮಗಳನ್ನ ನನ್ನ ಹತ್ತಿರ ಕಳಿಸು. ಆ ಕೈ ಕಂಡಿಕೆ ಸುತ್ತೋ ಕೈಯಲ್ಲ."

ಮೇಷ್ಟ್ರು ಅಂದರೆ ಶಾಲೆ ಮೇಷ್ಟ್ರಲ್ಲ, ಗ್ರಾಫ್ ಬರೆಯೋರು. ಸೀರೆ ಅಂಚಿನ ಮೇಲೆ ನವಿಲು ಬರಬೇಕಾದರೆ ಮೊದಲು ಅದು ಚೌಕಳಿ ಹಾಳೆ ಮೇಲೆ ಬರಬೇಕು. ಒಂದೊಂದು ಚೌಕಕ್ಕೂ ನಾವು 'ಮನೆ' ಅಂತೀವಿ. ಬಣ್ಣ ತುಂಬಿದ ಮನೆಯಲ್ಲಿ ಜರಿ ಕಾಣುತ್ತೆ, ಖಾಲಿ ಬಿಟ್ಟ ಮನೆಯಲ್ಲಿ ರೇಷ್ಮೆ. ಒಂದು ಸಾಲು ಮನೆಗೆ ಒಂದು ಕಾರ್ಡು. ಹಾಳೆ ನೋಡಿಕೊಂಡು ಕಾರ್ಡಿಗೆ ತೂತು ಹೊಡೆದು, ಎಲ್ಲಾ ಕಾರ್ಡನ್ನೂ ಸಾಲಾಗಿ ಹೊಲೆದು ಮಗ್ಗದ ತಲೆ ಮೇಲೆ ಏರಿಸಿದರೆ ಮುಗೀತು, ಮಗ್ಗ ತಾನೇ ಓದಿಕೊಂಡು ನೇಯುತ್ತೆ. ಇಡೀ ಊರಿನ ಟಕಾಟಕ್ ಸದ್ದಿಗೆ ಮೂಲ ಆ ಹಾಳೆ. ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ಬರೆದವರ ಹೆಸರು ಇರೋದು. ನಮ್ಮೂರಲ್ಲಿ ಆವರೆಗೆ ಆ ಮೂಲೆಯಲ್ಲಿ ಒಂದು ಹೆಣ್ಣಿನ ಹೆಸರೂ ಬಂದಿರಲಿಲ್ಲ. ಮನೆ ತುಂಬೋ ಹುಡುಗಿಯರು ಬೇಕಾದಷ್ಟಿದ್ದರು. ಕಣ್ಣು ಹೋಗೋವರೆಗೂ ಮನೆ ತುಂಬಿ, ಮದುವೆಯಾಗಿ ಹೋಗ್ತಿದ್ದರು.

ನನಗೆ ಆ ಮೂಲೆ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಚಿನ್ನ ಬೇಕು ಅನ್ನೋ ಹಾಗೆ ಬೇಕಿತ್ತು.

ಮೇಷ್ಟ್ರ ಗ್ರಾಫ್ ಮನೆ ಅಂದರೆ ಹೆಂಚಿನ ಛಾವಣಿಯ ಉದ್ದನೆಯ ಕೋಣೆ. ಕಿಟಕಿ ಪಕ್ಕ ಎರಡು ಇಳಿಜಾರು ಮೇಜು. ಇನ್ನೊಂದು ತುದಿಯಲ್ಲಿ ಹನುಮಂತಣ್ಣ ಅಂತ ನಲವತ್ತು ದಾಟಿದ ಒಬ್ಬ ಕೂತು ಕಾರ್ಡಿಗೆ ತೂತು ಹೊಡೆಯೋನು. ಮಾತು ಕಡಿಮೆ, ಎಲೆಯಡಿಕೆ ಜಾಸ್ತಿ. ಮೇಷ್ಟ್ರಿಗೆ ಅರವತ್ತರ ಹತ್ತಿರ. ಬಿಳೀ ಪಂಚೆ, ಕಿವಿ ಮೇಲೆ ಪೆನ್ಸಿಲ್ಲು, ದಾರ ಕಟ್ಟಿದ ಕನ್ನಡಕ. ಆ ಮನುಷ್ಯ ಕಲಿಸಿದ್ದನ್ನ ನಾನು ಇವತ್ತಿಗೂ ಬಾಯಿತುಂಬಾ ಹೊಗಳ್ತೀನಿ. ಹೊಗಳದೆ ವಿಧಿಯಿಲ್ಲ, ಅದೇ ನನ್ನ ಹಣೆಬರಹ.

ಡಿಸೈನು ಎಲ್ಲಿಂದ ಹುಟ್ಟುತ್ತೆ ಅಂತ ನಾನು ಮೊದಲನೇ ವಾರವೇ ಕೇಳಿದ್ದೆ. "ತಲೆಯಿಂದ ಅಂದ್ಕೊಂಡ್ಯಾ?" ಅಂತ ನಕ್ಕರು. "ತಲೇಲಿ ಏನೂ ಇರಲ್ಲ ತಾಯಿ. ತಲೇಲಿ ಬರೀ ಹಳೇ ಸೀರೆ ಇರುತ್ತೆ. ಕಣ್ಣಿಗೆ ಮೋಸ ಮಾಡ್ಬೇಕು. ಆಗ ಹೊಸದು ಸಿಗುತ್ತೆ."

ಕಣ್ಣಿಗೆ ಮೋಸ ಮಾಡೋ ದಾರಿ ಒಂದಲ್ಲ ಎರಡಲ್ಲ ಅವರ ಹತ್ತಿರ. ಎರಡು ಕನ್ನಡಿ ಚೂರನ್ನ ಪುಸ್ತಕ ತೆರೆದ ಹಾಗೆ ನಿಲ್ಲಿಸಿ ನಡುವೆ ಒಡೆದ ಬಳೆ ಹಾಕೋರು. ಒಂದು ಬಳೆ ಚೂರು ಆರಾಗಿ ಕಾಣೋದು, ಕನ್ನಡಿ ಇನ್ನೊಂಚೂರು ಮುಚ್ಚಿದರೆ ಎಂಟಾಗೋದು. ರೇಷ್ಮೆ ದಾರವನ್ನ ಶಾಯಿಯಲ್ಲಿ ಅದ್ದಿ, ಮಡಿಸಿದ ಹಾಳೆ ನಡುವೆ ಸುರುಳಿ ಮಾಡಿಟ್ಟು, ಅದುಮಿ ಹಿಡಿದು ಎಳೆಯೋರು. ಹಾಳೆ ಬಿಚ್ಚಿದರೆ ಒಂದು ಸಲ ಬಾಳೆಹೂವು, ಒಂದು ಸಲ ಯಾವುದೋ ಹಕ್ಕಿ, ಇನ್ನೊಂದು ಸಲ ಬರೀ ಗಲೀಜು. ಮಳೆಗೆ ಗೋಡೆಯ ಸುಣ್ಣ ನೆನೆದು ಕಲೆಯಾಗಿದ್ದರೆ, ಅರೆಗಣ್ಣು ಮುಚ್ಚಿ ನೋಡು ಅನ್ನೋರು. "ಏನು ಕಾಣುತ್ತೆ?" "ಕಲೆ, ಮೇಷ್ಟ್ರೇ." "ಇನ್ನೂ ಮುಚ್ಚು." ಹಳೇ ಸೀರೆ ತಂದರೆ ತಲೆಕೆಳಗೆ ನೇತುಹಾಕೋರು. ಮಾವಿನಕಾಯಿ ತಲೆಕೆಳಗಾದರೆ ಮಾವಿನಕಾಯಿ ಅನ್ನೋದು ಮರೆತು ಹೋಗುತ್ತೆ, ಬರೀ ಬಾಗು ಕಾಣುತ್ತೆ. ಆ ಬಾಗನ್ನ ಹಿಡ್ಕೊ ಅನ್ನೋರು.

ಎಲ್ಲಕ್ಕಿಂತ ನನಗೆ ಇಷ್ಟವಾಗಿದ್ದು ಮೂರು ಡಬ್ಬಿಗಳ ಆಟ. ಹಾಲಿನಪುಡಿಯ ಹಳೇ ಡಬ್ಬಿ ಮೂರು. ಒಂದರಲ್ಲಿ ವಸ್ತು, ಪ್ರಾಣಿ, ಹಕ್ಕಿಗಳ ಹೆಸರಿನ ಚೀಟಿ. ಎರಡನೇದರಲ್ಲಿ ಅವು ಮಾಡೋ ಕೆಲಸ: ಜಾರೋದು, ಒದರೋದು, ಮಲಗೋದು, ಹೆದರೋದು. ಮೂರನೇದರಲ್ಲಿ ಜಾಗ: ಬೇಲಿ, ಬಾವಿಕಟ್ಟೆ, ಅಟ್ಟ, ಸಂತೆ. ಮೂರರಿಂದ ಒಂದೊಂದು ಚೀಟಿ ಎತ್ತಬೇಕು, ಬಂದದ್ದನ್ನ ಬರೀಬೇಕು, ಇಷ್ಟ ಇಲ್ಲ ಅಂತ ವಾಪಸ್ ಹಾಕೋ ಹಾಗಿಲ್ಲ. ಒಂದು ಸಲ ನನಗೆ 'ಆನೆ', 'ಒರೆಸೋದು', 'ಅಡುಗೆಮನೆ' ಬಂದು ಹನುಮಂತಣ್ಣ ಎಲೆಯಡಿಕೆ ನೆತ್ತಿಗೇರಿಸ್ಕೊಂಡು ನಕ್ಕಿದ್ದ.

ಇದರ ಮೇಲೆ ಇನ್ನೊಂದು ಕಟ್ಟಳೆ. ಯಾವ ಚೀಟಿ ಬಂದರೂ ಮೊದಲು ತೋಚಿದ ಮೂರು ಚಿತ್ರ ಹರಿದು ಬಿಸಾಕಬೇಕು. "ಮೊದಲಿನ ಮೂರು ನೀನು ಎಲ್ಲೋ ನೋಡಿದ್ದು. ಯಾರದ್ದೋ. ನಾಲ್ಕನೇದು ನಿಂದು," ಅನ್ನೋರು. ನಾನು ಮೂರಲ್ಲ, ಐದು ಹರೀತಿದ್ದೆ. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾ ಬಂದ ಚೀಟಿ, ಬರೆದ ಚಿತ್ರ, ಗೋಡೆಯ ಕಲೆ, ಶಾಯಿ ದಾರದ ಗುರುತು ಎಲ್ಲಾ ಅಂಟಿಸಿ ಇಟ್ಕೊಂಡಿದ್ದೆ. ಮೇಷ್ಟ್ರು ಆಗಾಗ ಅದನ್ನ ತಿರುವಿ ನೋಡೋರು. "ಪರವಾಗಿಲ್ಲ" ಅನ್ನೋರು. ಅವರ ಬಾಯಲ್ಲಿ ಪರವಾಗಿಲ್ಲ ಅಂದರೆ ನಮಗೆ ಹಬ್ಬ.

ಆಷಾಢ ಬಂತು. ಆಷಾಢದಲ್ಲಿ ಮದುವೆಯಿಲ್ಲ, ಸೀರೆ ವ್ಯಾಪಾರವಿಲ್ಲ. ಗ್ರಾಫ್ ಬರೆಯೋರಿಗೆ ಮಾತ್ರ ಅದೇ ಸುಗ್ಗಿ. ಕಾರ್ತೀಕದಿಂದ ಶುರುವಾಗೋ ಮದುವೆಗಳಿಗೆ ಹೊಸ ಅಂಚು ಈಗಲೇ ಹುಟ್ಟಬೇಕು. ಆ ವರ್ಷ ರೇಷ್ಮೆ ಬೆಲೆ ಏರಿ ಅರ್ಧ ಊರಿನ ಮಗ್ಗ ನಿಂತಿತ್ತು. ನಮ್ಮನೆಯ ಎರಡರ ಮೇಲೂ ಹಳೇ ಬೆಡ್‌ಶೀಟು ಹೊದಿಸಿತ್ತು. ಅಪ್ಪ ಬೆಳಿಗ್ಗೆ ಎದ್ದು ಅದರ ಮುಂದೆ ಸುಮ್ಮನೆ ಕೂತಿರೋರು. ಗಾಳಿ ಅಂದರೆ ಎಂಥಾ ಗಾಳಿ ಅಂತೀರಿ, ನಂದಿ ಬೆಟ್ಟದ ಕಡೆಯಿಂದ ಬೀಸಿ ಹೆಂಚನ್ನೆಲ್ಲ ಗಲಗಲ ಅನ್ನಿಸೋದು.

ಪೇಟೆಯ ಸಾಹುಕಾರರು ಮೇಷ್ಟ್ರಿಗೆ ಹೇಳಿಕಳಿಸಿದ್ದರು. ನವಿಲು ಸಾಕು, ಹಂಸ ಸಾಕು, ಏನಾದರೂ ಹೊಸದು ಕೊಡಿ ಅಂತ. ಮೇಷ್ಟ್ರು ನನ್ನನ್ನ ಕರೆದರು.

"ಗಿರಿಜಾ, ಈ ಸಲ ನೀನೂ ಒಂದು ಬರಿ. ಪಾಸಾದ್ರೆ ಮೂಲೇಲಿ ನಿನ್ನ ಹೆಸರು."

"ನಿಜವಾಗ್ಲೂನಾ ಮೇಷ್ಟ್ರೇ?"

"ನಾನು ಯಾವತ್ತು ಸುಳ್ಳು ಹೇಳಿದ್ದೀನಿ?"

ನನಗೆ ಗೊತ್ತಿದ್ದ ಹಾಗೆ, ಅಲ್ಲಿವರೆಗೆ ಹೇಳಿರಲಿಲ್ಲ.

ಡಬ್ಬಿಯಿಂದ ಎತ್ತಿದೆ. 'ಗುಬ್ಬಿ'. 'ಒದರೋದು'. 'ತಂತಿ'. ಮೊದಲನೇ ದಿನ ಏನೂ ಹೊಳೀಲಿಲ್ಲ. ಎರಡನೇ ದಿನ ಮಧ್ಯಾಹ್ನ ಕರೆಂಟು ಹೋಯ್ತು. ಮಗ್ಗದೂರಲ್ಲಿ ಕರೆಂಟು ಹೋದರೆ ಕಿವಿಗೆ ಏನೋ ಆದ ಹಾಗಾಗುತ್ತೆ, ಅಷ್ಟು ನಿಶ್ಶಬ್ದ. ಆಗ ಗುಬ್ಬಿಗಳ ಸದ್ದು ಕೇಳಿಸ್ತು. ಕಿಟಕಿಯಿಂದ ನೋಡಿದೆ. ಆಗ ತಾನೇ ಮಳೆ ನಿಂತಿತ್ತು. ಕಂಬದಿಂದ ಕಂಬಕ್ಕೆ ಜೋತುಬಿದ್ದ ಕರೆಂಟಿನ ತಂತಿ ಮೇಲೆ ಐದು ಗುಬ್ಬಿ ಕೂತು ಮೈ ಒದರ್ತಿದ್ದವು. ಹನಿಗಳು ಕೆಳಗೆ ಉದುರ್ತಿದ್ದವು. ನಾಲ್ಕು ಒಂದು ಕಡೆ ನೋಡ್ತಿದ್ದವು, ಒಂದು ಮಾತ್ರ ಕತ್ತು ಹಿಂದಕ್ಕೆ ತಿರುಗಿಸಿ ಕೂತಿತ್ತು. ಅಷ್ಟೇ. ನನ್ನ ಅಂಚು ಅಲ್ಲೇ ಇತ್ತು! ಕೂಗಿಕೊಂಡುಬಿಟ್ಟೆ. ಹನುಮಂತಣ್ಣ ಏನೋ ಕಚ್ಚಿತು ಅಂತ ಎದ್ದು ಬಂದ.

ಮೂರು ವಾರ ಬರೆದೆ. ಕಷ್ಟ ಎಲ್ಲಿ ಅಂದರೆ ತಂತಿಯಲ್ಲಿ. ಅಂಚಿನ ಉದ್ದಕ್ಕೂ ಒಂದೇ ಜರಿ ಗೆರೆ ಹೋದರೆ ಅದಕ್ಕೆ ಕಟ್ಟು ಸಿಗಲ್ಲ, ಎಳೆ ತೇಲುತ್ತೆ, ಉಟ್ಟವರ ಕಾಲುಂಗುರಕ್ಕೆ ಸಿಕ್ಕಿ ಕಿತ್ತು ಬರುತ್ತೆ. ಅದಕ್ಕೆ ತಂತಿಯ ಮೇಲೆ ಹನಿ ಕೂರಿಸಿದೆ. ಎಲ್ಲೆಲ್ಲಿ ಹನಿಯೋ ಅಲ್ಲಲ್ಲಿ ಒಂದು ಮನೆ ಖಾಲಿ, ಅಲ್ಲೇ ಎಳೆಗೆ ಕಟ್ಟು. ನೋಡೋರಿಗೆ ಮಳೆಹನಿ, ಮಗ್ಗಕ್ಕೆ ಗಂಟು. ಇದು ಹೊಳೆದ ದಿನ ನಾನು ಮನೆಗೆ ನಡೆದುಕೊಂಡು ಹೋಗಲಿಲ್ಲ, ಹಾರಿಕೊಂಡು ಹೋದೆ. ಅಮ್ಮ "ಏನೇ ಇದು, ದೆವ್ವ ಹಿಡಿದವಳ ಹಾಗೆ" ಅಂತ ಬೈದಳು.

ಶ್ರಾವಣದ ಮೊದಲನೇ ವಾರ ಹಾಳೆ ತಗೊಂಡು ಹೋಗಿ ಮೇಷ್ಟ್ರ ಮುಂದೆ ಹರಡಿದೆ. ಅವರು ಕನ್ನಡಕ ಹಾಕ್ಕೊಂಡರು. ತುಂಬ ಹೊತ್ತು ನೋಡಿದರು. ಹಾಳೆಯ ಎರಡು ತುದಿಯನ್ನ ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆ ಎತ್ತಿದರು. ಕೆಟ್ಟ ಹಾಳೆಯನ್ನ ಯಾರೂ ಹಾಗೆ ಹಿಡಿಯಲ್ಲ ಅಂತ ನನಗೆ ಆಗ ಹೊಳೀಲಿಲ್ಲ. ದಡ್ಡಿ ನಾನು.

"ನಡೆಯಲ್ಲ ಗಿರಿಜಾ," ಅಂದರು.

"ಎಳೆ ತೇಲಲ್ಲ ಮೇಷ್ಟ್ರೇ, ಇಲ್ನೋಡಿ, ಹನಿ ಹತ್ತಿರ ಕಟ್ಟು ಕೊಟ್ಟಿದ್ದೀನಿ."

"ಎಳೆ ವಿಷಯ ಅಲ್ಲ. ಈ ಗುಬ್ಬಿ." ಕತ್ತು ತಿರುಗಿಸಿದ ಗುಬ್ಬಿ ಮೇಲೆ ಪೆನ್ಸಿಲ್ ಇಟ್ಟರು. "ಅಂಚಿನ ಹಕ್ಕಿ ಯಾವತ್ತೂ ಸೆರಗಿನ ಕಡೆ ನೋಡ್ಬೇಕು. ನಮ್ಮಪ್ಪನ ಕಾಲದಿಂದ ಹಾಗೇ. ಧಾರೆ ಸೀರೆ ಮೇಲೆ ಹಕ್ಕಿ ಹಿಂದಕ್ಕೆ ತಿರುಗಿ ನೋಡಿದ್ರೆ? ಹೆಣ್ಣು ಹೊರಟ ಹೊತ್ತಲ್ಲಿ ತಿರುಗಿ ನೋಡಿದ ಹಾಗೆ. ಅಪಶಕುನ. ಯಾರಮ್ಮ ತಗೊಳ್ತಾರೆ?"

"ನೋಡ್ಲಿ ಬಿಡಿ ಮೇಷ್ಟ್ರೇ," ಅಂದೆ. ಆವತ್ತು ನನಗೆ ಇನ್ನೂ ಬಾಯಿತ್ತು. "ತವರು ನೋಡ್ತಾ ಇದೆ ಅಂದ್ಕೊಳ್ಳಿ. ಯಾವ ಹೆಣ್ಣು ತಿರುಗಿ ನೋಡಲ್ಲ ಹೇಳಿ? ನೋಡಿದ್ರೆ ಅವಳ ತಾಯಿಗೂ ಸಂತೋಷವೇ."

ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹಾಳೆ ಸುರುಳಿ ಸುತ್ತುತ್ತಾ, "ಕೈ ಇದೆ ನಿಂಗೆ. ಕಣ್ಣಿಲ್ಲ. ಏನು ಬರೀಬೇಕು ಅನ್ನೋ ಕಣ್ಣು ದೇವರು ಕೊಡ್ಬೇಕು, ಕಲ್ಸಕ್ಕಾಗಲ್ಲ. ನೀನು ಮನೆ ತುಂಬೋದ್ರಲ್ಲಿ ಗಟ್ಟಿಗಿತ್ತಿ. ಅದನ್ನೇ ಮಾಡು," ಅಂದರು. ಹಾಳೆ ವಾಪಸ್ ಕೊಡಲಿಲ್ಲ. ಅಟ್ಟದ ಮೇಲಿಟ್ಟರು. ಹನುಮಂತಣ್ಣ ತೂತು ಹೊಡೆಯೋದು ನಿಲ್ಲಿಸಿದ್ದ. ನಾನು ಅವನ ಕಡೆ ನೋಡಿದಾಗ ಮತ್ತೆ ತಲೆ ತಗ್ಗಿಸಿ ಹೊಡೆಯೋಕೆ ಶುರು ಮಾಡಿದ.

ಕಣ್ಣಿಲ್ಲ. ಇದೊಂದು ಮಾತು. ನಾನು ನಂಬಿಬಿಟ್ಟೆ. ನಂಬದೆ ಇರೋದಕ್ಕೆ ಅವರೇನು ದಾರೀಲಿ ಹೋಗೋರಾ? ಗೋಡೆಯಲ್ಲಿ ಕಲೆ ಕಾಣೋಕೆ ಕಲಿಸಿದವರು, ದಾರ ಎಳೆಯೋಕೆ ಕಲಿಸಿದವರು. ಅವರೇ ಇಲ್ಲ ಅಂದ ಮೇಲೆ ಇಲ್ಲ. ಒಂದು ವಾರ ಮನೆ ತುಂಬಿದೆ. ಗೋಡೆ ಕಡೆ ನೋಡಿದರೆ ಬರೀ ಗೋಡೆ. ಡಬ್ಬಿಗೆ ಕೈ ಹಾಕೋಕೆ ನಾಚಿಕೆ. ಒಂದು ಬೆಳಿಗ್ಗೆ ಹೋಗಲ್ಲ ಅಂತ ಕೂತೆ. ಅಮ್ಮ ಏನಾಯ್ತು ಅಂತ ಹತ್ತು ಸಲ ಕೇಳಿದಳು. ಅಪ್ಪ ಒಂದು ಸಲವೂ ಕೇಳಲಿಲ್ಲ. "ಬಿಡು, ಮನೇಲೇ ಇರ್ಲಿ. ಕಂಡಿಕೆಗೂ ಜನ ಬೇಕು," ಅಂದರು. ಮಗ್ಗ ನಿಂತಿರೋವಾಗ ಕಂಡಿಕೆ ಯಾವ ಸುಖಕ್ಕೆ ಅಂತ ನಾನೂ ಕೇಳಲಿಲ್ಲ.

ಆ ವಾರವೇ ನನ್ನ ನೋಟ್‌ಬುಕ್ಕು ಹಂಡೆ ಒಲೆಗೆ ಹೋಯ್ತು. ನಾನೇ ಹಾಕಿದೆ. ಪುಟ ಪುಟ ಕಿತ್ತು ಹಾಕೋ ತಾಳ್ಮೆಯೂ ಇರಲಿಲ್ಲ, ಇಡೀ ಪುಸ್ತಕ ತುರುಕಿದೆ. ಬೇಗ ಹತ್ತಲಿಲ್ಲ, ರಟ್ಟು ಹೊಗೆಯಾಡಿತು. ಇದೇ ವಾಸನೆ. ಆ ನೀರನ್ನೇ ತಲೆಗೆ ಹಾಕ್ಕೊಂಡೆ.

ಗಣೇಶನ ಹಬ್ಬ ಹೋಯ್ತು, ದಸರಾ ಹೋಯ್ತು. ದೀಪಾವಳಿ ಇನ್ನು ಹತ್ತು ದಿನ ಇದೆ ಅನ್ನೋವಾಗ ಅಪ್ಪ ಮಗ್ಗದ ಮೇಲಿನ ಬೆಡ್‌ಶೀಟು ತೆಗೆದರು. ಹೊಸ ಆರ್ಡರು ಬಂದಿತ್ತು. ಹಾಸು ಹೂಡಿದರು, ಹೊಸ ಕಾರ್ಡಿನ ಕಟ್ಟು ತಂದು ಮೇಲೇರಿಸಿದರು. ಅಮ್ಮ ಮಗ್ಗಕ್ಕೆ ಪೂಜೆ ಮಾಡಿ ಕಾಯಿ ಒಡೆದಳು. ನನಗೂ ಸಂತೋಷವೇ. ಎಷ್ಟೋ ತಿಂಗಳ ಮೇಲೆ ಮನೆಯಲ್ಲಿ ಸದ್ದು.

ಕಾರ್ಡು ನೋಡಿದರೆ ಡಿಸೈನು ಗೊತ್ತಾಗಲ್ಲ, ಬರೀ ತೂತು. ನೇಯ್ದ ಮೇಲೂ ಗೊತ್ತಾಗಲ್ಲ, ಯಾಕಂದರೆ ನಮ್ಮಲ್ಲಿ ಸೀರೆಯ ಮುಖ ಕೆಳಗೆ, ಬೆನ್ನು ಮೇಲೆ ಇರೋ ಹಾಗೆ ನೇಯೋದು. ಮೇಲಿಂದ ಕಾಣೋದು ಎಳೆಗಳ ಗೋಜಲು. ಅದಕ್ಕೇ ಒಂದು ಗೇಣು ನೇಯ್ದ ಮೇಲೆ ಮಗ್ಗ ನಿಲ್ಲಿಸಿ, ಬಟ್ಟೆ ಕೆಳಗೆ ಕನ್ನಡಿ ಹಿಡಿದು ಮುಖ ನೋಡ್ತಾರೆ. ಆವತ್ತು ಮಧ್ಯಾಹ್ನ ಅಪ್ಪ ಊಟ ಮಾಡಿ ಬೀಡಿ ಸೇದೋಕೆ ಹೊರಗೆ ಹೋಗಿದ್ದರು. ಮಗ್ಗ ನಿಂತಿತ್ತು. ಅಂಚು ಹೇಗೆ ಬಂದಿದೆ ನೋಡೋಣ ಅಂತ ಕೈಕನ್ನಡಿ ತಗೊಂಡು ಕುಕ್ಕರಗಾಲಲ್ಲಿ ಕೂತೆ.

ಕನ್ನಡಿಯಲ್ಲಿ ತಂತಿ. ತಂತಿ ಮೇಲೆ ಹನಿ. ಒಂದು ಗುಬ್ಬಿ, ಎರಡು ಗುಬ್ಬಿ, ಮೂರು. ನನ್ನ ಕೈ ಕನ್ನಡಿಯನ್ನ ತಾನಾಗೇ ಮುಂದಕ್ಕೆ ಸರಿಸ್ತು. ನಾಲ್ಕನೇದು ಕತ್ತು ತಿರುಗಿಸಿ ನನ್ನನ್ನೇ ನೋಡ್ತಿತ್ತು.

ಎಷ್ಟು ಚೆನ್ನಾಗಿತ್ತು ಗೊತ್ತಾ? ಮೊದಲು ಬಂದದ್ದು ಸಿಟ್ಟಲ್ಲ, ಇದು. ಕಡುಹಸಿರು ರೇಷ್ಮೆ ಮೇಲೆ ಜರಿ ಹನಿ ನಿಜವಾಗಿ ಒದ್ದೆಯಾಗಿದ್ದ ಹಾಗೆ ಹೊಳೀತಿತ್ತು. ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ಒಂದು ಕ್ಷಣ ನಕ್ಕೂಬಿಟ್ಟೆ ಅನ್ಸುತ್ತೆ.

ಎದ್ದು ಮಗ್ಗದ ಮೇಲಿನ ಕಾರ್ಡಿನ ಕಟ್ಟು ನೋಡಿದೆ. ಮೊದಲನೇ ಕಾರ್ಡಿಗೆ ಒಂದು ಚೀಟಿ ಅಂಟಿಸಿರ್ತಾರೆ, ಡಿಸೈನಿನ ಹೆಸರು, ಬರೆದವರ ಹೆಸರು. ಮೇಷ್ಟ್ರ ಗುಂಡಗಿನ ಅಕ್ಷರ. 'ತವರುಗುಬ್ಬಿ'. ಕೆಳಗೆ 'ರಾಮಲಿಂಗಪ್ಪ'.

ಗುಬ್ಬಿ ಹೋಗ್ಲಿ. ತಂತಿ, ಹನಿ ಹೋಗ್ಲಿ. ಅಪಶಕುನ ಅಂದ ಬಾಯಲ್ಲೇ, ನಾನು ಎದುರಾಡಿದ ಮಾತನ್ನ ಎತ್ತಿಕೊಂಡು ಅದಕ್ಕೇ ಹೆಸರಿಟ್ಟಿದ್ದಾರೆ! ಆಮೇಲೆ ಪೇಟೆಯ ಅಂಗಡಿಯವರೂ ಅದೇ ಹೆಸರು ಹೇಳ್ಕೊಂಡು ಸೀರೆ ಹರಡೋರಂತೆ. "ನೋಡಿ ತಾಯಿ, ನಾಲ್ಕು ಗುಬ್ಬಿ ಗಂಡನ ಮನೆ ಕಡೆ, ಒಂದು ತವರಿನ ಕಡೆ" ಅಂತ. ಹೆಣ್ಣಿನ ತಾಯಂದಿರು ಅಂಗಡಿಯಲ್ಲೇ ಕಣ್ಣೊರೆಸ್ಕೊಂಡು ಅದನ್ನೇ ಕಟ್ಟಿಸ್ಕೊಳ್ತಿದ್ದರಂತೆ.

ಚಪ್ಪಲಿ ಹಾಕ್ಕೊಂಡೆನೋ ಇಲ್ಲವೋ ನೆನಪಿಲ್ಲ. ಗ್ರಾಫ್ ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಮೇಷ್ಟ್ರು ಮೇಜಿನ ಮೇಲೆ ಬಗ್ಗಿದ್ದರು. ತಲೆ ಎತ್ತಿ ನೋಡಿದರು. ಯಾಕೆ ಬಂದೆ ಅಂತ ಕೇಳಲಿಲ್ಲ.

"ಬಾಮ್ಮ, ಕೂತ್ಕೊ."

"ಕೂರಕ್ಕೆ ಬಂದಿಲ್ಲ. ನಡೆಯಲ್ಲ ಅಂದ್ರಲ್ಲ ಮೇಷ್ಟ್ರೇ, ನಮ್ಮನೆ ಮಗ್ಗದಲ್ಲಿ ಹೆಂಗೆ ನಡೀತಿದೆ?"

"ನಾನು ಒಂದಿಷ್ಟು ತಿದ್ದಿದ್ದೀನಿ."

"ಎಲ್ಲಿ ತಿದ್ದಿದ್ದೀರಿ? ಒಂದು ಮನೆ ತೋರ್ಸಿ. ಒಂದೇ ಒಂದು ಮನೆ!"

ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. ಹನುಮಂತಣ್ಣ ಎದ್ದು ಹಿತ್ತಲ ಕಡೆ ಹೋದ. ಅವನಿಗೆ ಗೊತ್ತಿತ್ತು, ತೂತು ಹೊಡೆದದ್ದು ಅವನೇ ತಾನೆ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವನು ಯಾವತ್ತೂ ನನಗೆ ಏನೂ ಹೇಳಿಕೊಟ್ಟವನಲ್ಲ.

"ನೋಡು ಗಿರಿಜಾ," ಮೇಷ್ಟ್ರು ಮೆಲ್ಲಗೆ ಅಂದರು. "ಹೆಣ್ಣುಮಗು ಹೆಸರು ಮೂಲೇಲಿದ್ರೆ ಪೇಟೆಯವರು ಹಾಳೆ ಬಿಚ್ಚಿ ನೋಡೋದೂ ಇಲ್ಲ. ನನ್ನ ಹೆಸರಿಗೆ ಹೋಯ್ತು, ಪಾಸಾಯ್ತು. ಇನ್ನು ಹದಿನೈದು ಮನೆ ಮಗ್ಗ ನಡೆಯುತ್ತೆ ಅದರಿಂದ."

"ಹಂಗಂತ ಹೇಳ್ಬಹುದಿತ್ತಲ್ಲ. ಕಣ್ಣಿಲ್ಲ ಅಂತ ಯಾಕಂದ್ರಿ?"

ಅವರು ಪೆನ್ಸಿಲ್ ಎತ್ತಿಕೊಂಡರು. ಒಂದು ಮನೆ ತುಂಬಿದರು. ಆಮೇಲೆ ಹಾಳೆ ಮೇಲಿಂದ ಕಣ್ಣೆತ್ತದೆ ಅಂದರು, "ನನ್ನನ್ನ ಕೇಳ್ಬೇಡ. ನಿಮ್ಮಪ್ಪನ್ನ ಕೇಳು."

ಇದಾದ ಮೇಲೆ ನಾನು ಗ್ರಾಫ್ ಹಾಳೆ ಮುಟ್ಟಲಿಲ್ಲ. ಎರಡು ವರ್ಷಕ್ಕೆ ಮದುವೆಯಾಗಿ ನೆಲಮಂಗಲಕ್ಕೆ ಬಂದೆ. ಗಂಡಿನ ಕಡೆಯವರು ಧಾರೆಗೆ ಅಂತ ತೋರಿಸಿದ ಸೀರೆಗಳಲ್ಲಿ ಮೊದಲನೇದೇ ತವರುಗುಬ್ಬಿ. ಬೇಡ ಅಂದೆ. ಅಷ್ಟು ಚಂದದ ಸೀರೆ ಬಿಟ್ಟು ಸಾದಾ ಅಂಚು ಹಿಡ್ಕೊಂಡ ಸೊಸೆ ಅಂತ ನಮ್ಮತ್ತೆ ಸಾಯೋವರೆಗೂ ಹೇಳಿಕೊಂಡು ನಗ್ತಿದ್ದರು. ತ್ಯಾಮಗೊಂಡ್ಲಿನಲ್ಲಿ, ಹೊಸಕೋಟೆ ಕಡೆ, ಎಲ್ಲೆಲ್ಲಿ ಮದುವೆಗೆ ಹೋದರೂ ಒಂದಲ್ಲ ಒಂದು ಹೆಂಗಸಿನ ಕಾಲ ಹತ್ತಿರ ನನ್ನ ಗುಬ್ಬಿ ಕೂತಿರೋದು. ಎಲೆ ಮೇಲಿನ ಹೋಳಿಗೆ ಹಾಗೇ ಬಿಟ್ಟು ಏಳ್ತಿದ್ದೆ. ಒಂದು ಸಲ ಪಕ್ಕದ ಎಲೆಯವಳು, "ಎಷ್ಟು ಬುದ್ಧಿವಂತ ಇರ್ಬೇಕು ಅಲ್ವಾ ಇದನ್ನ ಬರೆದೋನು" ಅಂದಳು. ಹೂಂ ಅಂದೆ. ಇನ್ನೇನು ಅನ್ನಲಿ? ನನ್ನ ಮಗಳು ಚಿಕ್ಕವಳಿದ್ದಾಗ ಚಿತ್ರ ಬರೆಯೋಕೆ ಏನೂ ತೋಚ್ತಿಲ್ಲ ಅಂತ ಅತ್ತರೆ, ಮೂರು ಡಬ್ಬಿಯ ಆಟ ಹೇಳಿಕೊಟ್ಟೆ. ಅವಳು ಎತ್ತಿದಳು, ಬರೆದಳು, ಕುಣಿದಳು. ಅಮ್ಮಾ ನೀನೂ ಎತ್ತು ಅಂದಳು. ನಾನು ಎತ್ತಿದೆ. ಮೂರು ಚೀಟಿ ಅಂಗೈ ಮೇಲೆ ಇಟ್ಕೊಂಡು ಕೂತೆ. ಏನೂ ಕಾಣಲಿಲ್ಲ.

ಆದರೆ ನಾನು ಹೇಳ್ತಿದ್ದದ್ದು ಆವತ್ತಿನದು. ಗ್ರಾಫ್ ಮನೆಯಿಂದ ವಾಪಸ್ ಬರೋವಾಗ ದಾರಿಯುದ್ದಕ್ಕೂ ನಮ್ಮಪ್ಪನಿಗೇನು ಗೊತ್ತಿರುತ್ತೆ, ಇವರು ಸುಮ್ಮನೆ ಅವರ ಮೇಲೆ ಹಾಕ್ತಿದ್ದಾರೆ ಅಂತಲೇ ಅಂದುಕೊಂಡು ಬಂದೆ. ಅಪ್ಪ ಮಗ್ಗದ ಪಕ್ಕ ನಿಂತು ತುಂಡಾದ ಎಳೆಗೆ ಗಂಟು ಹಾಕ್ತಿದ್ದರು. ನನ್ನ ಮುಖ ನೋಡಿದರು. ನೆಲದ ಮೇಲೆ ಬಿಟ್ಟು ಹೋಗಿದ್ದ ಕನ್ನಡಿ ನೋಡಿದರು.

"ಅಪ್ಪಾ, ಇದು ನಂದು ಅಂತ ನಿಂಗೆ ಗೊತ್ತಿತ್ತಾ?"

ಇಲ್ಲ ಅನ್ನಲಿ ದೇವರೇ ಅಂತ ಬೇಡಿಕೊಂಡೆ.

"ಗೊತ್ತಿತ್ತು ಕಣಮ್ಮ."

"ಯಾವಾಗಿಂದ?"

"ನೀನು ಹಾಳೆ ಕೊಟ್ಟ ಸಾಯಂಕಾಲವೇ ಮೇಷ್ಟ್ರು ಬಂದಿದ್ರು. ಚೌಡಪ್ಪ, ನಿನ್ನ ಮಗಳು ಬರೆದಿರೋದು ಓಡುತ್ತೆ ಅಂದ್ರು. ಕಾರ್ಡು ಮೊದಲು ನಿನ್ನ ಎರಡು ಮಗ್ಗಕ್ಕೇ ಕೊಡಿಸ್ತೀನಿ, ಹುಡುಗಿಗೆ ಮಾತ್ರ ಹೇಳ್ಬೇಡ ಅಂದ್ರು." ಅವರ ಬೆರಳು ಎಳೆ ಹುಡುಕ್ತಾನೇ ಇತ್ತು. "ಮಗ್ಗ ಮುಚ್ಚಿ ನಾಲ್ಕು ತಿಂಗಳಾಗಿತ್ತಮ್ಮ."

ನಾನು ನೋಟ್‌ಬುಕ್ಕು ಸುಟ್ಟ ಬೆಳಿಗ್ಗೆ ಇದೇ ಅಪ್ಪ ಅದೇ ಒಲೆ ಪಕ್ಕ ಬಚ್ಚಲ ಕಟ್ಟೆ ಮೇಲೆ ಕೂತು ಹಲ್ಲುಜ್ಜುತ್ತಿದ್ದರು. ನೋಡಿದ್ದರು. ಉಗಿದು, ಬಾಯಿ ತೊಳೆದು, ಎದ್ದು ಹೋಗಿದ್ದರು.

"ಕೊಟ್ಟಿದ್ದು ಕೊಟ್ಟೆ," ಅಂದೆ. "ನಂಗೆ ಒಂದು ಮಾತು, ಚೆನ್ನಾಗಿದೆ ಮಗಳೇ ಅಂತ ಒಂದೇ ಒಂದು ಮಾತು ಹೇಳಿ ಕೊಡಬಾರದಿತ್ತಾ ಅಪ್ಪಾ? ನಂಗೆ ಕಣ್ಣೇ ಇಲ್ಲ ಅಂದ್ಕೊಂಡು ಬದುಕ್ತಿದ್ದೀನಲ್ಲಾ."

ಅಪ್ಪ ಆಗ ತಲೆ ಎತ್ತಿದರು. ಅವರ ಕಣ್ಣಲ್ಲಿ ನೀರಿತ್ತು, ಇಲ್ಲ ಅನ್ನಲ್ಲ. ಆದರೆ ಅವರು ಕೇಳಿದ್ದು ಇದು:

"ಚೆನ್ನಾಗಿದೆ ಅಂತ ಹೇಳಿದ್ರೆ ನೀನು ಬಿಟ್ಕೊಡ್ತಿದ್ಯೇನಮ್ಮ?"

ಬಿಟ್ಕೊಡ್ತಿದ್ದೆ. ಅಪ್ಪ ಬೆಡ್‌ಶೀಟು ಹೊದಿಸಿದ ಮಗ್ಗದ ಮುಂದೆ ಕೂತಿರೋದನ್ನ ದಿನಾ ಬೆಳಿಗ್ಗೆ ನೋಡ್ತಿದ್ದವಳು ನಾನು. ಕೇಳಿದ್ದಿದ್ದರೆ ನನ್ನ ಕೈಯಾರೆ ಆ ಮೂಲೆಯಲ್ಲಿ ಮೇಷ್ಟ್ರ ಹೆಸರು ಬರೆದು ಕೊಡ್ತಿದ್ದೆ. ಅಷ್ಟೂ ಗೊತ್ತಿರಲಿಲ್ಲ ನಮ್ಮಪ್ಪನಿಗೆ ನನ್ನ ಬಗ್ಗೆ.